ಅಪ್ಪನನ್ನು ಬದುಕಿಸಲು ತೆಗೆದ ಪಾರ್ಟ್ ಟೂ

ನನ್ನ ಅಪ್ಪ ಒಂದು ಸಲ ಸತ್ತಿದ್ದಾರೆ. ಅನುಗೊಂಡನಹಳ್ಳಿಯ ನಮ್ಮ ಮನೆ ಮುಂದೆಯೇ ಚಟ್ಟ ಕಟ್ಟಿ, ಹಾರ ಹಾಕಿ, ಹಣೆಗೆ ಕಾಸು ಅಂಟಿಸಿ ಮಲಗಿಸಿದ್ದರು. ತಮಟೆಯವರು ಬಂದಿದ್ದರು. ನಮ್ಮ ಬೀದಿಯ ಹೆಂಗಸರು ಎದೆ ಬಡಿದುಕೊಂಡು ಅತ್ತರು. 'ಕಟ್' ಅಂದ ಮೇಲೆ ಅಪ್ಪ ಎದ್ದು, ಹಣೆಯ ಕಾಸನ್ನು ಜೇಬಿಗೆ ಹಾಕಿಕೊಂಡು, ಡೈರಿಗೆ ಹಾಲು ಹಾಕಲು ಹೋದರು.

ಇದು ನನ್ನ ಚಿಕ್ಕಮ್ಮನ ಮಗ, ನನಗೆ ತಮ್ಮನಾಗಬೇಕಾದವನು, ಮಾಡಿದ ಘನಕಾರ್ಯ. ಅವನದು ಹೊಸಕೋಟೆಯಲ್ಲಿ ಮದುವೆ ವಿಡಿಯೋ ತೆಗೆಯುವ ಸ್ಟುಡಿಯೋ. ಆಷಾಢದಲ್ಲಿ ಮದುವೆಗಳಿರುವುದಿಲ್ಲ, ಕ್ಯಾಮೆರಾ ಸುಮ್ಮನೆ ಕೂತಿರುತ್ತದೆ, ಇವನಿಗೆ ಕೈ ಕಡಿಯುತ್ತದೆ. ಹಾಗೆ ಒಂದು ಆಷಾಢದಲ್ಲಿ ಸಿನಿಮಾ ತೆಗೆದ. ಕಥೆ ಅವನದು, ನಿರ್ದೇಶನ ಅವನದು, ಹೀರೋನೂ ಅವನೇ. ಹೀರೋನ ಅಪ್ಪ ನಮ್ಮಪ್ಪ. ವಿಲನ್ ನಮ್ಮ ಎದುರುಮನೆಯಾತ. ಊರ ಸುತ್ತಮುತ್ತ ಟ್ಯಾಂಕರಿನಲ್ಲಿ ನೀರು ಹೊಡೆಯುವ ಆಸಾಮಿ, ಅಪ್ಪನ ಜೀವದ ಗೆಳೆಯ, ದಿನಕ್ಕೆರಡು ಸಲ ನಮ್ಮ ಮನೆಯಲ್ಲಿ ಕಾಫಿ ಕುಡಿಯುವವನು. ಮೀಸೆ ದಪ್ಪಗಿದ್ದ ಒಂದೇ ಕಾರಣಕ್ಕೆ ಅವನು ವಿಲನ್ ಆದ. ಬೋರ್‌ವೆಲ್ ಜಗಳದಲ್ಲಿ ರಟ್ಟಿನ ಲಾಂಗು ಮಚ್ಚಿನಿಂದ ಅಪ್ಪನನ್ನು ಹೊಡೆಯುತ್ತಾನೆ. ಅಪ್ಪ "ಬೋರ್‌ವೆಲ್ ಮಾತ್ರ ಬಿಡಬ್ಯಾಡ ಮಗನೇ" ಎಂದು ಹೇಳಿ ಕತ್ತು ವಾಲಿಸುತ್ತಾರೆ. ಉಳಿದ ಸಿನಿಮಾ ಪೂರ್ತಿ ಹೀರೋ ವಾಲಿಬಾಲ್ ಟೀಮಿನ ಹುಡುಗರನ್ನು ಒದೆಯುತ್ತಾನೆ.

ಅದು ಎಲ್ಲರ ಮೊಬೈಲಿಗೂ ಬಂತು. ಅಪ್ಪ ಕತ್ತು ವಾಲಿಸುವ ತುಣುಕನ್ನು ಮಾತ್ರ ಯಾರೋ ಕತ್ತರಿಸಿ ಇಟ್ಟುಕೊಂಡರು. ನಮ್ಮ ನೆಂಟರ ಗ್ರೂಪಿನಲ್ಲಿ ಕರೆಂಟ್ ಹೋದರೂ ಅದೇ, ಕ್ರಿಕೆಟ್ಟಿನಲ್ಲಿ ವಿಕೆಟ್ ಬಿದ್ದರೂ ಅದೇ, ಪಿಯುಸಿಯಲ್ಲಿ ಯಾರಾದರೂ ಫೇಲಾದರೂ ಅದೇ. ಅಪ್ಪನಿಗೆ ಒಳಗೊಳಗೇ ಖುಷಿಯಿತ್ತು. ಬಸ್ಸಿನಲ್ಲಿ ಯಾರೋ ಗುರುತು ಹಿಡಿದು ಸೀಟು ಬಿಟ್ಟುಕೊಟ್ಟರಂತೆ. ಆ ಕಥೆಯನ್ನು ಬಂದವರಿಗೆಲ್ಲ ಹೇಳುತ್ತಿದ್ದರು.

ಮೂರ್ನಾಲ್ಕು ವರ್ಷ ಹೀಗೇ ಹೋಯಿತು. ಆಮೇಲೊಂದು ಬೆಳಿಗ್ಗೆ ಹಾಲಿನ ಕ್ಯಾನು ಎತ್ತುವಾಗ ಅಪ್ಪ ಎದೆ ಹಿಡಿದುಕೊಂಡು ಕೂತುಬಿಟ್ಟರು. ಬೆಂಗಳೂರಿಗೆ ಕರೆದುಕೊಂಡು ಓಡಿದೆವು. ಡಾಕ್ಟರು ಪರದೆಯ ಮೇಲೆ ರಕ್ತನಾಳ ತೋರಿಸಿ, ಇಲ್ಲಿ ಕಟ್ಟಿದೆ, ಇಲ್ಲಿಯೂ ಕಟ್ಟಿದೆ, ಎದೆ ತೆರೆದು ಬೈಪಾಸ್ ಮಾಡಬೇಕು, ತಡ ಮಾಡಬೇಡಿ ಅಂದರು. ನಾನು ಹೂಂ ಅಂದೆ. ಅಪ್ಪನೂ ಹೂಂ ಅಂದರು. ಅಮ್ಮ ಮಾತ್ರ ಪರದೆಯನ್ನೇ ನೋಡುತ್ತ ಕೂತಿದ್ದಳು. ವಾಪಸ್ ಬರುವಾಗ ಹೊಸಕೋಟೆ ಟೋಲಿನ ಹತ್ತಿರ ಕಾರಿನಲ್ಲಿ ಬಾಯಿ ಬಿಟ್ಟಳು.

"ಸುಳ್ಳು ಅಂತ ಯಾರೂ ಹೇಳ್ಲೇ ಇಲ್ಲ ಕಣೇ."

ನನಗೆ ತಲೆಬುಡ ಗೊತ್ತಾಗಲಿಲ್ಲ. ಏನು ಸುಳ್ಳು ಅಂದೆ.

ಅಮ್ಮ ಹೇಳಿದ್ದು ಕಾಗೆಯ ವಿಷಯ. ಅಮ್ಮ ಚಿಕ್ಕವಳಿದ್ದಾಗ ಒಂದು ಕಾಗೆ ಅಜ್ಜಿಯ ತಲೆಗೆ ಬಡಿದು ಹಾರಿಹೋಯಿತಂತೆ. ಕಾಗೆ ತಲೆ ಮುಟ್ಟಿದರೆ ಸಾವು ಬಂತು ಅಂತ ಅರ್ಥ. ಅದಕ್ಕೆ ನಮ್ಮಲ್ಲೊಂದು ಪರಿಹಾರವಿದೆ: ಆಕೆ ಸತ್ತೇ ಹೋದಳು ಅಂತ ನೆಂಟರಿಗೆ ಸುಳ್ಳು ಸುದ್ದಿ ಕಳಿಸುವುದು. ಅವರು ನಿಜವಾಗಿ ಅಳಬೇಕು. ಅತ್ತ ಮೇಲೆ ಸಾವಿನ ಲೆಕ್ಕ ಚುಕ್ತಾ. ಹಾಗೆ ಅಜ್ಜಿಯ ತವರಿನವರೆಲ್ಲ ಲಬೋ ಲಬೋ ಬಾಯಿ ಬಡಿದುಕೊಂಡು ಗಾಡಿ ಕಟ್ಟಿಕೊಂಡು ಬಂದರೆ, ಸತ್ತ ಅಜ್ಜಿ ಒಲೆ ಮುಂದೆ ಕೂತು ಅವರಿಗೇ ಉಪ್ಪಿಟ್ಟು ಕೆದಕುತ್ತಿದ್ದಳಂತೆ. ಅಜ್ಜಿಯ ಅಣ್ಣ ಎರಡು ವರ್ಷ ಮಾತು ಬಿಟ್ಟಿದ್ದನಂತೆ.

"ಆದ್ರೆ ಅತ್ತೋರಿಗೆಲ್ಲ ಒಬ್ಬೊಬ್ರಿಗೂ ಬಾಯಲ್ಲಿ ಹೇಳ್ಬೇಕು, ಸುಳ್ಳು, ಬದುಕವ್ಳೆ ಅಂತ. ಹೇಳ್ದಿದ್ರೆ ಅಳು ಅಂಗೇ ನಿಂತ್ಕೊಂಡುಬಿಡ್ತದೆ. ಇವ್ರನ್ನ ಚಟ್ಟದ ಮೇಲೆ ಮಲಗ್ಸಿ ಬೀದಿ ಎಲ್ಲಾ ಅತ್ತಿದ್ದಾಯ್ತು. ಕಟ್ ಅಂದ್ರಿ, ಎಲ್ಲಾರೂ ಮನೆಗೋದ್ರಿ. ಸುಳ್ಳು ಅಂತ ಯಾರು ಹೇಳುದ್ರು?"

ನಾನು ಹೊಸಕೋಟೆಯ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವವಳು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಮೈಯೆಲ್ಲ ಉರಿದುಹೋಯಿತು. ಅಪ್ಪ ದಿನಾ ಬೆಳಿಗ್ಗೆ ಡೈರಿ ಮುಂದೆ ಕ್ಯೂ ನಿಲ್ಲುತ್ತಾರೆ, ಬದುಕಿರುವುದು ಇಡೀ ಊರಿಗೆ ಗೊತ್ತು, ಬೇಕಿದ್ದರೆ ಈಗಲೇ ಮನೆಮನೆಗೆ ಹೋಗಿ ಹೇಳಿ ಬಾ ಅಂದೆ.

"ಸತ್ತಿದ್ದು ಸಿನಿಮಾದಲ್ಲಿ. ಹೇಳೋದೂ ಸಿನಿಮಾದಲ್ಲೇ ಹೇಳ್ಬೇಕು" ಅಂದಳು ಅಮ್ಮ. "ನಿನ್ ಮೊಬೈಲಲ್ಲಿ ಯಾರು ಒತ್ತುದ್ರೂ ಇವ್ರು ಸಾಯ್ತಾರೆ. ದಿನಾ ಸಾಯ್ತಾವ್ರೆ. ಆ ಸಾವು ಅಂಗೇ ಇಟ್ಕೊಂಡು ನಾನು ಇವ್ರ ಎದೆ ಕುಯ್ಯೋಕೆ ಬಿಡಲ್ಲ."

ಹಿಂದಿನ ಸೀಟಿನಲ್ಲಿದ್ದ ಅಪ್ಪನ ಕಡೆ ತಿರುಗಿ, ನೀನಾದರೂ ಹೇಳಪ್ಪ ಅಂದೆ. ಅಪ್ಪ ಕಿಟಕಿಯಾಚೆ ನೋಡುತ್ತ, "ನಿಮ್ಮಮ್ಮ ಹಿಡಿದ್ರೆ ಬಿಡ್ತಾಳಾ? ಅದೊಂದು ಸಿನಿಮಾ ಮುಗಿದುಹೋಗ್ಲಿ. ಆಮೇಲೆ ಹೋದ್ರಾಯ್ತು" ಅಂದರು. ಆಗಿದ್ದು ಇಷ್ಟು: ಕಾಲಯಂತ್ರದ ಸಿನಿಮಾ ಒಂದು ತಯಾರಾಗುವವರೆಗೆ ನಮ್ಮಪ್ಪನ ಹೃದಯಕ್ಕೆ ಚಿಕಿತ್ಸೆ ಇಲ್ಲ.

ಕಾಲಯಂತ್ರ ಎಲ್ಲಿಂದ ಬಂತು ಅಂದರೆ, ಸ್ಟುಡಿಯೋದಿಂದ. ಅಮ್ಮ ಹೋಗಿ ನಿಂತಾಗ ನನ್ನ ತಮ್ಮ ಯಾವುದೋ ರಿಸೆಪ್ಷನ್ನಿನ ವಿಡಿಯೋ ಜೋಡಿಸುತ್ತಿದ್ದ. ಆಷಾಢ ಬೇರೆ ಹತ್ತಿರವಿತ್ತು. ಪಾರ್ಟ್ ಟೂ ಎಂಬ ಮಾತು ಕೇಳಿ ಅವನ ಮುಖ ಅರಳಿದ್ದು ನೋಡಿ ನನಗೆ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು.

"ದೊಡ್ಡಮ್ಮ, ಸತ್ತೋನ್ನ ಬದುಕ್ಸೋಕೆ ಸಿನಿಮಾದಲ್ಲಿ ಎರಡೇ ದಾರಿ" ಅಂದ. "ಒಂದು, ದೊಡ್ಡಪ್ಪಂಗೆ ಅವಳಿ ತಮ್ಮ ಇದ್ದ ಅನ್ನೋದು."

"ತಮ್ಮ ಬಂದ್ರೆ ಇವ್ರು ಸತ್ತಂಗೇ ತಾನೇನೋ?"

"ಅದೂ ಸರಿ. ಇನ್ನೊಂದು ಟೈಮ್ ಮಷೀನು. ನಾನು ಹಿಂದಕ್ಕೋಗಿ ದೊಡ್ಡಪ್ಪನ್ನ ಕಾಪಾಡ್ತೀನಿ."

"ಎಷ್ಟೊತ್ತಾಗ್ತದೆ?"

"ಎಂಟತ್ತು ದಿನದಲ್ಲಿ ಎತ್ತಿಬಿಡ್ತೀನಿ."

"ಅಷ್ಟು ದಿನ ಆಗಲ್ಲ. ಬೇಗ ಹೋಗಿ ಬಾ" ಅಂದಳು ಅಮ್ಮ. ಟೈಮ್ ಮಷೀನು ಅವಳ ತಲೆಯಲ್ಲಿ ಸಿಟಿ ಬಸ್ಸು.

ಮಷೀನು ಕೊಟ್ಟವನು ಎದುರುಮನೆಯ ವಿಲನ್. ಎದೆನೋವು ಬಂದ ದಿನದಿಂದ ಅಮ್ಮ ಅವನಿಗೆ ಕಾಫಿ ಕೊಡುವುದನ್ನು ನಿಲ್ಲಿಸಿದ್ದಳು. ಪಾಪ, ಅವನು ಜಗುಲಿಯ ಮೇಲೆ ಬಂದು ಕೂರುವುದು, ಒಳಗಿನಿಂದ ಲೋಟದ ಸದ್ದು ಬರುತ್ತದೇನೋ ಎಂದು ಕಿವಿಗೊಡುವುದು, ಎದ್ದು ಹೋಗುವುದು. ಕೊನೆಗೆ ತಡೆಯಲಾರದೆ ಬಾಗಿಲಲ್ಲಿ ನಿಂತು ಕೈ ಮುಗಿದ. "ಅತ್ತಿಗೆ, ನಾನು ಹೊಡ್ದಿದ್ದು ರಟ್ಟಿನ ಲಾಂಗಲ್ಲಿ. ಅದಕ್ಕೆ ಬೆಳ್ಳಿ ಪೇಪರ್ ಅಂಟ್ಸಿದ್ದು ನೀವೇ." ಅಮ್ಮ ಮುಖ ತಿರುಗಿಸಿದಳು. ಮಾರನೆಯ ದಿನ ಅವನು ತನ್ನ ಟ್ರ್ಯಾಕ್ಟರ್ ಟ್ಯಾಂಕರನ್ನು ತಂದು ನಮ್ಮ ಮನೆ ಮುಂದೆ ನಿಲ್ಲಿಸಿ, ಇದನ್ನು ಸಿನಿಮಾಕ್ಕೆ ಏನು ಬೇಕೋ ಹಾಗೆ ಬಳಸಿಕೊಳ್ಳಿ ಅಂದ.

ಟ್ಯಾಂಕರಿಗೆ ಅಲ್ಯೂಮಿನಿಯಂ ಬಣ್ಣ ಹೊಡೆದರು. ಮೈತುಂಬ ಮದುವೆ ಮನೆಯ ಮಿಣುಕುದೀಪದ ಸೀರಿಯಲ್ ಸೆಟ್ಟು ಸುತ್ತಿದರು. ಮೇಲಿನ ಮುಚ್ಚಳ ತೆಗೆದು ಹೀರೋ ಒಳಗಿಳಿಯಬೇಕು, ಗಡಗಡ ಸದ್ದಾಗಬೇಕು, ಹೊರಗೆ ಬಂದರೆ ಹಳೆಯ ಕಾಲ. ತೊಂದರೆ ಏನೆಂದರೆ ಬೆಳಗಿನ ಹೊತ್ತು ಅದು ಬಡಾವಣೆಗಳಿಗೆ ನೀರು ಹೊಡೆಯಲೇಬೇಕಿತ್ತು. ಸೀರಿಯಲ್ ಸೆಟ್ಟು ಬಿಚ್ಚಿ ಮತ್ತೆ ಕಟ್ಟಲು ಯಾರಿಗೆ ಪುರುಸೊತ್ತು? ಹಾಗೇ ಹೋಗುತ್ತಿತ್ತು. ಒಬ್ಬಾಕೆ ಮಹಡಿಯಿಂದ ಬಗ್ಗಿ, ಗಣಪತಿ ಬಿಡೋಕೆ ಇಷ್ಟು ಬೇಗ ಹೊರಟಿರಾ ಎಂದು ಕೇಳಿದಳಂತೆ.

ತಳದಲ್ಲಿ ಯಾವಾಗಲೂ ಮೊಣಕಾಲುದ್ದ ನೀರು ಉಳಿದಿರುತ್ತಿತ್ತು. ಹೀರೋ ಕಾಲ ದಾಟಿ ಹೊರಬಂದಾಗ ಸೊಂಟದ ತನಕ ಒದ್ದೆ, ಒಂದು ಕಾಲಿನ ಚಪ್ಪಲಿ ಮಾಯ. ಭೂತಕಾಲಕ್ಕೆ ಹೋದವನು ಒದ್ದೆ ಯಾಕಾದ ಅಂತ ಕೇಳಿದೆ. "ಬೆವರು ಅಕ್ಕಾ, ಸ್ಪೀಡಿಗೆ" ಅಂದ. ವಿಜ್ಞಾನದ ಮಾತುಗಳನ್ನು ನನ್ನಿಂದ ಬರೆಸಿದ್ದ. ನಾನೂ ಮೂರ್ಖಳಂತೆ ಕೂತು ಬೆಳಕಿನ ವೇಗ, ಕಾಲದ ಹಿಗ್ಗುವಿಕೆ ಎಂದು ಎರಡು ಪುಟ ಬರೆದುಕೊಟ್ಟೆ. ಅದನ್ನೆಲ್ಲ ಬಿಸಾಡಿ ಕ್ಯಾಮೆರಾ ಮುಂದೆ ಹೇಳಿದ್ದು ಇದು: "ಟೈಮ್ ಅನ್ನೋದು ನೀರಿದ್ದಂಗೆ ಕಣೋ. ವಾಲ್ವು ಉಲ್ಟಾ ತಿರುಗ್ಸಿದ್ರೆ ಹಿಂದಕ್ಕೆ ಹರಿಯುತ್ತೆ!" ಇಂಥವನನ್ನು ನನ್ನ ವಿದ್ಯಾರ್ಥಿಗಳು ನೋಡುತ್ತಾರಲ್ಲ, ಎಲ್ಲಿಗೆ ಹೋಗಿ ಸಾಯಲಿ?

ಅಪ್ಪ ಕೊಲೆಯಾದ ಜಾಗಕ್ಕೇ ಮತ್ತೆ ಹೋಗಬೇಕಿತ್ತು. ಅದು ಹೊಸಕೋಟೆಯಾಚೆಯ ಒಂದು ಬಯಲು. ಹೋಗಿ ನೋಡಿದರೆ ಬಯಲಿಲ್ಲ, ಗೋಡೌನು ಎದ್ದಿದೆ, ಗೇಟಿನಲ್ಲಿ ಸೆಕ್ಯೂರಿಟಿ. ನಮ್ಮ ತಮ್ಮ ಅವನ ಹತ್ತಿರ ಹೋಗಿ, ಇಲ್ಲೇ ನಮ್ಮ ದೊಡ್ಡಪ್ಪನನ್ನು ಕೊಂದಿದ್ದು, ಸ್ವಲ್ಪ ಒಳಗೆ ಬಿಡ್ತೀರಾ ಅಂದ. ಆತ ಲಾಠಿ ಎತ್ತಿಕೊಂಡ. ಅಲ್ಲಿಂದ ಓಡಿ, ಯಾರೋ ಹೇಳಿದರೆಂದು ನಲ್ಲೂರಿನ ಕಡೆ ಹೋದೆವು. ಅಲ್ಲಿನ ಹೆಸರಾದ ಹುಣಸೆ ತೋಪಿನ ಹೊರಗೆ ಪರಿಚಯದವರ ಹೊಲವಿತ್ತು. ಅಲ್ಲಿ ನಿಂತರೆ ಹಿಂದೆ ಆ ಹಳೆಯ ಮರಗಳು ಕಾಣುತ್ತಿದ್ದವು. ಆದರೆ ದೇವನಹಳ್ಳಿಯ ಏರ್‌ಪೋರ್ಟು ಪಕ್ಕದಲ್ಲೇ. ಅಪ್ಪ ಬಾಯಿ ತೆರೆದರೆ ಸಾಕು, ತಲೆ ಮೇಲೆ ವಿಮಾನ. ತಮ್ಮ ಆಕಾಶಕ್ಕೆ ಕೈ ಬೀಸಿ, "ಲೇ, ಇದು ಹಳೇ ಕಾಲ ಕಣ್ರೋ!" ಎಂದು ಕೂಗಾಡಿದ. ಹಳೇ ಕಾಲ ಅಂದರೆ ನಾಲ್ಕು ವರ್ಷದ ಹಿಂದೆ ತಾನೆ, ಆಗಲೂ ವಿಮಾನ ಹಾರುತ್ತಿತ್ತಲ್ಲೋ ಅಂದೆ. ಅವನು ಬೀಸುತ್ತಿದ್ದ ಕೈ ಇಳಿಸಿ, ಹೌದಲ್ಲವಾ ಅಂದ.

ನಗು ಬರುತ್ತಿತ್ತು, ಆದರೆ ಅಪ್ಪನ ಕಡೆ ನೋಡಿದರೆ ನಿಂತುಹೋಗುತ್ತಿತ್ತು. ಅಪ್ಪ ಹೊಲದ ಬದುವಿನ ಮೇಲೆ ನಾಲ್ಕು ಹೆಜ್ಜೆ ನಡೆದು ಕೂರುತ್ತಿದ್ದರು. ಪಾರ್ಟ್ ಒನ್ನಿನಲ್ಲಿ ಹಾಕಿದ್ದ ಅದೇ ಅಂಗಿ ಹಾಕಿಸಿದ್ದರು. ಈಗ ಹೆಗಲಿನಿಂದ ಜಾರುತ್ತಿತ್ತು. ಹಿಂದಿನಿಂದ ಪಿನ್ನು ಚುಚ್ಚಿ ಬಿಗಿ ಮಾಡಿದವಳು ನಾನೇ. ಪಿನ್ನು ಚುಚ್ಚುತ್ತಲೇ ಬಾಯಿಗೆ ಬಂದಂತೆ ಬೈದೆ. ಆಸ್ಪತ್ರೆಯಿಂದ ಫೋನಿನ ಮೇಲೆ ಫೋನು ಬರ್ತಿದೆ, ನಿಮಗೆಲ್ಲ ತಲೆ ಕೆಟ್ಟಿದೆಯಾ, ಅಮ್ಮ ಹೇಳಿದಳೆಂದು ನೀನೂ ಕುಣೀತೀಯಲ್ಲ ಎಂದು ರೇಗಿದೆ.

"ಅವ್ಳ ನೆಮ್ಮದಿ ಮುಖ್ಯ ಅಲ್ವೇನಮ್ಮ?" ಅಂದರು ಅಪ್ಪ. "ನಂಗೇನು ಇದ್ರಲ್ಲೆಲ್ಲ ನಂಬಿಕೆನಾ?"

ಅವತ್ತು ಅಪ್ಪ ಬದುಕಿದರು. ಟ್ಯಾಂಕರಿನಿಂದ ಹೀರೋ ನೆಗೆದ, ವಾಲಿಬಾಲ್ ಹುಡುಗರು ರಾಗಿ ಹುಲ್ಲಿನ ಮೇಲೆ ಬಿದ್ದು ಹೊರಳಿದರು, ಲಾಂಗು ಎತ್ತಿದ ವಿಲನ್ನಿನ ಕೈಯನ್ನು ಹೀರೋ ಹಿಡಿದ. ವಿಲನ್ ಅಂತೂ ಕೈ ಹಿಡಿಯುವ ಮೊದಲೇ ಲಾಂಗು ಕೆಳಗೆ ಹಾಕಿಬಿಟ್ಟ. ಇನ್ನೊಂದು ಸಲ ಎತ್ತು ಅಂದರೆ ಆಗಲ್ಲ ಅಂದ. ಸಾಯಬೇಕಾದ ಅಪ್ಪ ಸಾಯಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದೆವು. ಮರುದಿನ ಮಧ್ಯಾಹ್ನ ತಮ್ಮ ಅದನ್ನು ನಮ್ಮ ಮನೆ ಟಿವಿಗೆ ಹಾಕಿ ಅಮ್ಮನಿಗೆ ತೋರಿಸಿದ. ಅಮ್ಮ ಕೊನೆಯ ತನಕ ನೋಡಿ ಕೇಳಿದಳು: "ಅಳೋರು ಎಲ್ಲಿ?"

"ಯಾವ ಅಳೋರು ದೊಡ್ಡಮ್ಮ?"

"ಬೀದಿ ಹೆಂಗಸ್ರು. ಚಟ್ಟದ ಹತ್ರ ಅತ್ತೋರು. ಅವರಿಗೆ ಸುಳ್ಳು ಅಂತ ಹೇಳೋದೆಲ್ಲಿ?"

"ದೊಡ್ಡಪ್ಪ ಸಾಯ್ಲೇ ಇಲ್ವಲ್ಲ! ಸಾಯ್ದಿದ್ಮೇಲೆ ಚಟ್ಟ ಇಲ್ಲ. ಚಟ್ಟ ಇಲ್ದಿದ್ಮೇಲೆ ಅವ್ರು ಅಳ್ಲೇ ಇಲ್ಲ."

"ಅತ್ರು."

"ಈಗ ಅಳ್ಲಿಲ್ಲ ದೊಡ್ಡಮ್ಮ. ಟೈಮ್ ಚೇಂಜ್ ಆಗೋಯ್ತು."

"ನಾನೂ ಅತ್ತಿದ್ದೀನಿ ಕಣೋ. ಅಲ್ಲೇ ಬಾಗ್ಲಲ್ಲಿ ಕಾಫಿ ತಟ್ಟೆ ಹಿಡ್ಕೊಂಡು ಅತ್ತಿದ್ದೀನಿ. ನಾನತ್ತಿದ್ದು ಎಲ್ಲೋಯ್ತು?"

ಇಬ್ಬರೂ ನನ್ನ ಕಡೆ ತಿರುಗಿದರು. ನೀನು ಫಿಸಿಕ್ಸ್ ಮೇಡಂ ಅಲ್ವಾ ಅಕ್ಕಾ, ನೀನೇ ಹೇಳು ಅಂದ ತಮ್ಮ. ನಮ್ಮ ಮನೆಯ ನಡುಮನೆಯಲ್ಲಿ, ನಾನು ಒಂದು ಕೈಯಲ್ಲಿ ಅಪ್ಪನ ಮಾತ್ರೆ ಡಬ್ಬಿ ಹಿಡಿದುಕೊಂಡು, ಕಾಲ ಹಿಂದಕ್ಕೆ ಹೋದರೆ ಕಣ್ಣೀರು ಅಳಿಸಿಹೋಗುತ್ತದೋ ಇಲ್ಲವೋ ಎಂದು ತೀರ್ಪು ಕೊಡಬೇಕಾಯಿತು. ಓದಿದ್ದೆಲ್ಲ ಒಂದು ಸಲ ನೆನಪಿಗೆ ತಂದುಕೊಂಡೆ. ಅಮ್ಮನ ಮುಖ ನೋಡಿದೆ. ಹೋಗುವುದಿಲ್ಲ, ಅತ್ತಿದ್ದು ಅತ್ತಿದ್ದೇ ಅಂದೆ.

"ಹಂಗಾದ್ರೆ ನಾನು ಟ್ಯಾಂಕರಲ್ಲಿ ಎಲ್ಲಿಗೋಗ್ಲಿ?" ಎಂದು ತಮ್ಮ ತಲೆ ಚಚ್ಚಿಕೊಂಡ.

"ಕೊಲೆಗೆ ಹೋಗಬೇಡ. ಸೀದಾ ಚಟ್ಟದ ಹತ್ತಿರ ಹೋಗು" ಅಂದೆ. ಹೀರೋ ಲೇಟಾಗಿ ಬಂದಿದ್ದಕ್ಕೆ ಕಾರಣ ಬೇಕಲ್ಲ ಅಂದ. ಹಳೇ ಮದ್ರಾಸ್ ರೋಡಿನಲ್ಲಿ ಟ್ರಾಫಿಕ್ಕು ಅಂತ ಹಾಕು, ಯಾರೂ ಪ್ರಶ್ನೆ ಕೇಳಲ್ಲ ಅಂದೆ.

ಹೀಗೆ ಅಪ್ಪ ಎರಡನೆಯ ಸಲ ಚಟ್ಟ ಹತ್ತಿದರು. ಬೆಳಗಿನ ಹಾಲು ಮುಗಿದ ಮೇಲೆ, ಅದೇ ಜಾಗದಲ್ಲಿ. ಅದೇ ಹೆಂಗಸರು ಬಂದರು. ಕಳೆದ ಸಲ ಅಳು ಬರಲಿ ಎಂದು ನಿಮ್ಮ ನಿಮ್ಮ ಸತ್ತವರನ್ನು ನೆನೆಸಿಕೊಳ್ಳಿ ಅಂತ ತಮ್ಮ ಹೇಳಿಕೊಟ್ಟಿದ್ದ. ಈ ಸಲ ಏನೂ ಹೇಳಬೇಕಾಗಲಿಲ್ಲ. ಅಪ್ಪನ ಎದೆ ಕುಯ್ಯುತ್ತಾರೆ ಎನ್ನುವುದು ಊರಿಗೆಲ್ಲ ಗೊತ್ತಾಗಿತ್ತು. ಅಪ್ಪ ಹಾರ ಹಾಕಿಸಿಕೊಂಡು ಕಣ್ಣು ಮುಚ್ಚಿದ್ದೇ ತಡ, ಮೂಲೆಮನೆಯ ಅಜ್ಜಿ ಅವರ ಕಾಲ ಬಳಿ ಕುಸಿದು ರಾಗ ಎಳೆದಳು. "ನಮ್ ಹಸ ಕರ ಹಾಕಲಾರ್ದೆ ಒದ್ದಾಡ್ವಾಗ ಮಳೇಲಿ ಬಂದ್ಯಲ್ಲಪ್ಪಾ... ನನ್ ಮಗ ಬರ್ಲಿಲ್ಲ, ನೀನು ಬಂದ್ಯಲ್ಲಪ್ಪಾ..." ಅದು ಸಿನಿಮಾದ ಮಾತಲ್ಲ. ಹೀರೋನ ಅಪ್ಪನಿಗೂ ಆ ಹಸುವಿಗೂ ಸಂಬಂಧವೇ ಇಲ್ಲ. ಒಬ್ಬಳಾದ ಮೇಲೆ ಒಬ್ಬಳು, ಅಪ್ಪ ಮಾಡಿದ್ದೆಲ್ಲ ಹೇಳಿಕೊಂಡು ಅತ್ತರು. ಪಕ್ಕದಲ್ಲಿ ನಿಂತು ಗಹಗಹಿಸಿ ನಗಬೇಕಿದ್ದ ವಿಲನ್ ಟವಲಿನಲ್ಲಿ ಮುಖ ಮುಚ್ಚಿಕೊಂಡ. "ವಿಲನ್ ಅಳಂಗಿಲ್ಲ! ಮಾಮ, ನೀನು ವಿಲನ್ನು!" ಎಂದು ತಮ್ಮ ಟ್ಯಾಂಕರಿನ ಮೇಲಿಂದ ಕೂಗಿದ. ಕೂಗಿದವನೇ ತೋಳಿನಿಂದ ಕಣ್ಣು ಒರೆಸಿಕೊಂಡ.

ಟ್ರ್ಯಾಕ್ಟರು ಗಡಗಡ ಬಂತು. ಹಗಲು ಬೆಳಕಿನಲ್ಲಿ ಸೀರಿಯಲ್ ಸೆಟ್ಟು ಮಿಣಮಿಣ ಅಂತು. ಹೀರೋ ಒದ್ದೆ ಪ್ಯಾಂಟಿನಲ್ಲಿ ನೆಗೆದು, "ನಿಲ್ಲಿಸಿ!" ಅಂದ. ಮುಂದಿನ ಮಾತು ಅವನೇ ಹೇಳಬೇಕಿತ್ತು. ಆದರೆ ಬಾಗಿಲಲ್ಲಿ ನಿಂತಿದ್ದ ಅಮ್ಮ ಸೆರಗು ಸಿಕ್ಕಿಸಿಕೊಂಡು ನೇರವಾಗಿ ಕ್ಯಾಮೆರಾದೊಳಕ್ಕೆ ನಡೆದುಬಂದಳು. ಮೂಲೆಮನೆ ಅಜ್ಜಿಯ ಗಲ್ಲ ಹಿಡಿದು ಹೇಳಿದಳು: "ಸುಳ್ಳು ಕಣವ್ವ. ಬದುಕವ್ರೆ. ಅಳ್ಬ್ಯಾಡ." ಆಮೇಲೆ ಪಕ್ಕದವಳಿಗೆ. ಆಮೇಲೆ ಅವಳ ಪಕ್ಕದವಳಿಗೆ. ಯಾರನ್ನೂ ಬಿಡಲಿಲ್ಲ. ತಮಟೆಯವರಿಗೂ ಹೇಳಿದಳು. ವಿಲನ್ನಿನ ಮುಂದೆ ನಿಂತು, "ಸುಳ್ಳು ಕಣಣ್ಣ, ಬದುಕವ್ರೆ, ಒಳಗ್ ಬಾ ಕಾಫಿ ಕೊಡ್ತೀನಿ" ಅಂದಳು. ಅವನು ಅಲ್ಲೇ ಜಗುಲಿಗೆ ಒರಗಿ ಬಿಕ್ಕತೊಡಗಿದ. ಕೊನೆಗೆ ನನ್ನ ಹತ್ತಿರ ಬಂದು ತನ್ನ ಸೆರಗಿನಲ್ಲಿ ನನ್ನ ಮುಖ ಒರೆಸಿ, "ಸುಳ್ಳು ಕಣೇ" ಅಂದಳು. ಅಷ್ಟು ಹೊತ್ತೂ ಅಳುತ್ತಿದ್ದೆ ಅಂತ ನನಗೇ ಗೊತ್ತಿರಲಿಲ್ಲ.

ತಮ್ಮ ಕಟ್ ಅಂದ. ಎಲ್ಲರೂ ಮೂಗು ಒರೆಸಿಕೊಂಡು ನಕ್ಕರು. ಅಮ್ಮ ಕಾಫಿಗಿಡಲು ಒಳಗೆ ಹೋದಳು. ಅಪ್ಪ ಏಳಲಿಲ್ಲ.

ನಾನು ಓಡಿಹೋಗಿ ಚಟ್ಟದ ಪಕ್ಕ ಕುಕ್ಕರಿಸಿ ಎದೆಯ ಮೇಲೆ ಕೈಯಿಟ್ಟೆ. ಉಸಿರಾಡುತ್ತಿದ್ದರು. ಮುಚ್ಚಿದ ಕಣ್ಣಿನ ಅಂಚಿನಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು. ಅಪ್ಪಾ, ಮುಗೀತು, ಏಳಪ್ಪಾ ಅಂದೆ.

ಅಪ್ಪ ಕಣ್ಣು ತೆರೆಯಲಿಲ್ಲ. ತುಟಿ ಮಾತ್ರ ಆಡಿತು.

"ಎಲ್ಲಾರ್ಗೂ ಹೇಳುದ್ಲು. ನಂಗೆ ಹೇಳ್ಲಿಲ್ಲ."

ನಾನು ಅಡುಗೆಮನೆಗೆ ಓಡಿ ಅಮ್ಮನಿಗೆ ಹೇಳಿದೆ. ಅಮ್ಮ ಕೈಯಲ್ಲಿದ್ದ ಪಾತ್ರೆ ಅಲ್ಲೇ ಬಿಟ್ಟು ಬಂದಳು. ಚಟ್ಟದ ಪಕ್ಕ ಕೂತಳು. ಬೀದಿಯೆಲ್ಲ ನೋಡುತ್ತಿರುವಾಗ, ಬಗ್ಗಿ ಅಪ್ಪನ ಕಿವಿಯ ಹತ್ತಿರ ಬಾಯಿಟ್ಟು ಹೇಳಿದಳು.

"ಸುಳ್ಳು ಕಣ್ರೀ. ನೀವು ಬದುಕಿದ್ದೀರ."

"ನಿಜವಾ?"

"ನಿಜ. ಏಳಿ."

ಅಪ್ಪ ಕಣ್ಣು ಬಿಟ್ಟರು. ಆಮೇಲೆ ನನ್ನ ಕಡೆ ಕೈ ಚಾಚಿ, "ಎಬ್ಬುಸು ಮಗ. ಆಸ್ಪತ್ರೆಗೆ ಫೋನ್ ಹಾಕು, ಯಾವತ್ತು ಬರ್ಬೇಕು ಕೇಳು" ಅಂದರು. ಹಾರ ಅವರ ಕೊರಳಲ್ಲೇ ಇತ್ತು. ನಾನು ಒಂದು ಕೈಯಲ್ಲಿ ಅವರನ್ನು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಆಸ್ಪತ್ರೆಗೆ ಫೋನ್ ಮಾಡಿದೆ.